ಅಂಗವಿಕಲರ ಭೂಮಿ ಮತ್ತು ದುಡಿಮೆ

ತೊಗರಿಯ ರಾಶಿ ಮಾಡುವಾಗ ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿದ ಕೂಲಿಕಾರನು ಕೈಯೊಡನೆ ಜೀವನೋಪಾಯವನ್ನೂ ಕಳೆದುಕೊಳ್ಳುತ್ತಾನೆ. ಇಂತಹವರಿಗೆ ಕಾಳು ನೀಡಿದರೆ ಸಾಕೆಂದು ಚಿಟಗುಪ್ಪ ಸೀಮೆಯ ಗೌಡರೂ ಜಮೀನುದಾರರೂ ಭಾವಿಸಬಾರದು. ಕಾಯಿದೆಯು ಅವರಿಗೆ ಹಕ್ಕನ್ನು ಕೊಟ್ಟಿದೆ.

1995ನೆಯ ಇಸವಿಯ ಕಾಯಿದೆಯು ಬಡತನ ನಿವಾರಣೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ 3ಕ್ಕೆ ಕಡಿಮೆಯಿಲ್ಲದ ಪಾಲನ್ನು ವಿಧಿಸಿತ್ತು. 2016ನೆಯ ಇಸವಿಯ ಕಾಯಿದೆಯು ಅದನ್ನು 5ಕ್ಕೆ ಏರಿಸಿ, ಯೋಜನೆಗಳ ಮೇರೆಗೆ ಹಂಚುವ ಸಾಗುವಳಿ ಭೂಮಿಯಲ್ಲಿಯೂ ಅಷ್ಟೇ ಪಾಲನ್ನು ಗೊತ್ತುಮಾಡಿತು. ಇದರಲ್ಲಿ ಸ್ತ್ರೀಯರಿಗೆ ಆದ್ಯತೆಯುಂಟು. ಆದರೆ ವೈಕಲ್ಯವು ನೂರಕ್ಕೆ 40ಕ್ಕೆ ಕಡಿಮೆಯಿಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರವಿಲ್ಲದವರಿಗೆ ಈ ಪಾಲು ದೊರೆಯದು.

ಆದುದರಿಂದ ಊರಿನ ಪ್ರಮುಖರು ಮಾಡತಕ್ಕ ಕೆಲಸಗಳು ಮೂರು. ಮೊದಲನೆಯದು, ಅಂಗವಿಕಲರನ್ನು ಆಸ್ಪತ್ರೆಗೆ ಕರೆದೊಯ್ದು ಪ್ರಮಾಣಪತ್ರವನ್ನು ಕೊಡಿಸುವುದು. ಎರಡನೆಯದು, ಅವರವರ ಶಕ್ತಿಗೆ ತಕ್ಕ ಕೆಲಸವನ್ನು ಒದಗಿಸುವುದು. ಕಾಲು ಊನವಾದವರು ಕುಳಿತಲ್ಲಿಯೇ ಬೀಜವನ್ನು ಆರಿಸಬಲ್ಲರು, ಮೊಳಕೆಯ ಪರೀಕ್ಷೆ ಮಾಡಬಲ್ಲರು. ದೃಷ್ಟಿಯಿಲ್ಲದವರು ಹಗ್ಗ ಹೊಸೆಯಬಲ್ಲರು. ಕಿವಿ ಕೇಳದವರು ಸಸಿಮಡಿಗಳನ್ನು ನೋಡಿಕೊಳ್ಳಬಲ್ಲರು. ಸಮನಾದ ಕೆಲಸಕ್ಕೆ ಕೂಲಿಯನ್ನು ಕಡಿಮೆ ಮಾಡಕೂಡದು. ಮೂರನೆಯದು, ಕೈ ಒಳಗೆ ಹೋಗದಂತೆ ಒಕ್ಕಣೆ ಯಂತ್ರದ ಬಾಯಿಗೆ ಉದ್ದವಾದ, ಮೇಲೆ ಮುಚ್ಚಿದ ತಗಡಿನ ದೋಣಿಯನ್ನು ಜೋಡಿಸುವುದು.

ಇವೆಲ್ಲವೂ ಬರುವ ರಾಶಿಗೆ ಮುಂಚೆಯೇ ನಡೆಯತಕ್ಕದ್ದು.