ಅತಿಯಾದರೆ ‘ಡಿ’ ಜೀವಸತ್ವವೂ ವಿಷ

ಕೊಟ್ಟಿಗೆಯಲ್ಲಿ ನಾಲ್ಕು ದನಗಳಿದ್ದರೆ ತೋಟಕ್ಕೆ ಗೊಬ್ಬರ, ಮನೆಗೆ ಹಾಲು. ಇಂತಹ ದನ ಬಡಕಲಾಗಿ, ಕಾಲು ಸೆಟೆದು ನಡೆಯತೊಡಗಿದರೆ ಸುಣ್ಣದ ಅಂಶ ಕಡಿಮೆಯಾಗಿದೆಯೆಂದು ಕ್ಯಾಲ್ಸಿಯಂ ಕುಡಿಸುವವರೇ ಹೆಚ್ಚು. ಆದರೆ ಸುಣ್ಣ ಮಿತಿಮೀರಿದಾಗಲೂ ಇದೇ ಲಕ್ಷಣ ಕಾಣಿಸಬಹುದು. ಕೆಲವು ಗಿಡಗಳ ಎಲೆಯೇ ಇದಕ್ಕೆ ಕಾರಣವೆಂಬುದನ್ನು ಬೆಳೆಗಾರ ಬಂಧುಗಳು ತಿಳಿದಿರಬೇಕು.

ಅರ್ಜೆಂಟೀನಾದ ತಗ್ಗು ಹುಲ್ಲುಗಾವಲುಗಳಲ್ಲಿ ಬದನೆಯ ಕುಟುಂಬಕ್ಕೆ ಸೇರಿದ ಸೋಲನಮ್ ಗ್ಲಾಕೋಫಿಲ್ಲಮ್ ಎಂಬ ಪೊದೆಯಿದೆ. ಉದುರಿದ ಅದರ ಎಲೆಗಳು ಹುಲ್ಲಿನೊಂದಿಗೆ ದನದ ಹೊಟ್ಟೆ ಸೇರುತ್ತವೆ. ದನ ಸೊರಗುತ್ತದೆ, ಬೆನ್ನು ಗೂನಾಗುತ್ತದೆ, ಸ್ವಲ್ಪ ನಡೆದರೂ ಏದುಸಿರು ಬರುತ್ತದೆ. ಸತ್ತ ದನವನ್ನು ಕೊಯ್ದು ನೋಡಿದರೆ ಹೃದಯ, ರಕ್ತನಾಳ ಹಾಗೂ ಶ್ವಾಸಕೋಶಗಳಲ್ಲಿ ಸುಣ್ಣ ಕಟ್ಟಿರುತ್ತದೆ.

ಇದು ಹೇಗಾಗುತ್ತದೆ? ‘ಡಿ’ ಜೀವಸತ್ವವು ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಮಾರ್ಪಟ್ಟು ಕೆಲಸಕ್ಕೆ ಸಿದ್ಧವಾಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ ತಯಾರಿಸುವುದು ಮೂತ್ರಪಿಂಡದ ಹೊಣೆ. ಈ ಗಿಡದಲ್ಲಾದರೋ ಆ ಸಿದ್ಧರೂಪವೇ ಸಕ್ಕರೆಯ ಅಂಶದೊಡನೆ ಕೂಡಿಕೊಂಡಿದೆ. ಹೊಟ್ಟೆಯಲ್ಲಿ ಸಕ್ಕರೆ ಬೇರ್ಪಟ್ಟೊಡನೆ ಅದು ನೇರವಾಗಿ ಕೆಲಸ ಮಾಡುತ್ತದೆ. ಕರುಳು ಮೇವಿನಲ್ಲಿರುವ ಕ್ಯಾಲ್ಸಿಯಂ, ರಂಜಕಗಳನ್ನು ಅಳತೆಮೀರಿ ಹೀರುತ್ತದೆ. ತಡೆಯುವವರೇ ಇಲ್ಲ!

ಇದು ದೂರದೇಶದ ಸುದ್ದಿ ಎನ್ನುವಂತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕುದುರೆಗಳಿಗೆ ಇದೇ ರೋಗ ತಗಲಿದ್ದು ಸೆಸ್ಟ್ರಮ್ ಡೈಯರ್ನಮ್ ಗಿಡದಿಂದ ಎಂದು 1975ರಲ್ಲಿ ವರದಿಯಾಯಿತು. ರಾತ್ರಿರಾಣಿಯ ಹತ್ತಿರದ ಸಂಬಂಧಿಯಾದ ಈ ಗಿಡವನ್ನು ಭಾರತದಲ್ಲಿಯೂ ಅಂದಕ್ಕಾಗಿ, ಬೇಲಿಗಾಗಿ ಬೆಳೆಸುತ್ತಾರೆ. ಹಿಂದಿಯಲ್ಲಿ ‘ದಿನ್ ಕಾ ರಾಜಾ’ ಎಂದು ಹೆಸರು. ಹೊಳೆಯುವ ಹಸಿರು ಎಲೆ, ಹಗಲಿನಲ್ಲಿ ಕಂಪು ಬೀರುವ ಸಣ್ಣ ಬಿಳಿ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಹಣ್ಣು ಇದರ ಗುರುತು.

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಈ ಗಿಡ ದನ ಮೇಯುವ ಕಡೆ ಇದ್ದರೆ ಬೇರುಸಹಿತ ಕೀಳಿರಿ.

2. ಬೇಲಿ ಸವರಿದ ಸೊಪ್ಪನ್ನು ದನದ ಮುಂದೆ ಹಾಕಬೇಡಿ. ಒಣಗಿದರೆ ದೋಷ ಹೋಯಿತೆಂದು ನಂಬಬೇಡಿ.

3. ದನ ಕಾಲು ಸೆಟೆದು ಸೊರಗುತ್ತಿದ್ದರೆ ಮೇವು ಬದಲಿಸಿ, ಪಶುವೈದ್ಯರಿಗೆ ತೋರಿಸಿ. ಅದು ಯಾವ ಗಿಡ ಮೇಯ್ದಿದೆಯೆಂದೂ ತಿಳಿಸಿ.

4. ವೈದ್ಯರು ಹೇಳುವ ಮೊದಲು ಕ್ಯಾಲ್ಸಿಯಂ ಅಥವಾ ‘ಡಿ’ ಜೀವಸತ್ವ ಕೊಡಬೇಡಿ. ಕಾರಣ ಈ ಗಿಡವೇ ಆಗಿದ್ದರೆ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಒಮ್ಮೆ ಸುಣ್ಣಗಟ್ಟಿದ ರಕ್ತನಾಳ ಪೂರ್ತಿ ಮೊದಲಿನಂತಾಗುವ ಭರವಸೆಯಿಲ್ಲ. ಆದ್ದರಿಂದ ಔಷಧಕ್ಕೆ ಓಡುವ ಮೊದಲು ಬೇಲಿಯ ಕಡೆ ಒಮ್ಮೆ ಕಣ್ಣು ಹಾಯಿಸುವುದು ಲೇಸು.