ಮನೆಯ ಫೋನುಗಳಿಗೆ ಯಾವ ಪ್ಯಾಕ್ ಹಾಕೋಣ?

ಮೈಲುತುತ್ತು, ಸುಣ್ಣ, ಕೊನೆಗಾರನ ಸಂಬಳ - ಇದಕ್ಕೆಲ್ಲ ನಮ್ಮಲ್ಲಿ ಲೆಕ್ಕ ಉಂಟು. ಮೊಬೈಲ್ ರೀಚಾರ್ಜಿಗೆ ಮಾತ್ರ ಇಲ್ಲ. ಅಂಗಡಿಗೆ ಹೋಗಿ "ಆ ಮುನ್ನೂರರದ್ದು ಹಾಕಿ ಮಾರಾಯ್ರೆ" ಎಂದು ಹೇಳಿ ಬರುತ್ತೇವೆ. 299 ರೂಪಾಯಿಯ 28 ದಿನದ ಪ್ಯಾಕ್ ವರ್ಷಕ್ಕೆ 12 ಸಲ ಅಲ್ಲ, 13 ಸಲ ಬೇಕು. ಒಂದು ನಂಬರಿಗೆ 3,887 ರೂಪಾಯಿ. ನಾಲ್ಕು ನಂಬರ್ ಇರುವ ಮನೆಯಲ್ಲಿ 15,548!

"ನಾವು ಮಾತಾಡುವುದು ಜಾಸ್ತಿ ಭಾವ, ದೊಡ್ಡ ಪ್ಯಾಕೇ ಬೇಕು" ಎನ್ನುತ್ತಾರೆ ನೆರೆಮನೆಯವರು. ಇದು ಹಳೆಯ ಕಾಲದ ಲೆಕ್ಕ. ಮೊದಲು ನಿಮಿಷಕ್ಕೆ ದುಡ್ಡು ಇತ್ತು. 2003ರ ಮೇ ತಿಂಗಳವರೆಗೆ ಮೊಬೈಲಿಗೆ ಬಂದ ಕರೆಗೂ ಕೊಡಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ನಿಮಿಷದ ಲೆಕ್ಕ ಮುಗಿಯಿತು. ಈಗ 'ಅನ್‌ಲಿಮಿಟೆಡ್' ಎಂದು ಬರೆದ ಚಿಕ್ಕ ಪ್ಯಾಕಿನಲ್ಲೂ ದೊಡ್ಡದರಲ್ಲೂ ಮಾತು ಒಂದೇ. ಹೆಚ್ಚು ಕೊಡುವುದು ಇಂಟರ್ನೆಟ್ಟಿಗೆ ಮತ್ತು ದಿನಗಳಿಗೆ.

ಹಾಗಾಗಿ ನಮ್ಮಲ್ಲಿ ಒಂದು ತಿಂಗಳು ಪ್ರತಿ ಫೋನಿನ ಕೆಲಸ ಬರೆದಿಟ್ಟೆವು. ಅಮ್ಮನದು ಕೀಪ್ಯಾಡ್ ಫೋನ್. ಬರುವ ಕರೆಗಳೇ ಹೆಚ್ಚು, ಸಂಜೆಗೊಮ್ಮೆ ತಂಗಿಗೆ ಅವರೇ ಮಾಡುತ್ತಾರೆ. ಇಂಟರ್ನೆಟ್ ಸೊನ್ನೆ. ಹೆಂಡತಿಯ ಫೋನ್ ಮನೆಯಿಂದ ಹೊರಗೆ ಹೋಗುವುದು ವಾರಕ್ಕೆರಡು ಸಲ, ಮನೆಯಲ್ಲಿ ಫೈಬರಿನ ವೈಫೈ ಉಂಟು. ನನ್ನದು ಸೊಸೈಟಿ, ಬ್ಯಾಂಕು, ಅಡಿಕೆ ಅಂಗಡಿ ಎಂದು ತಿರುಗುವ ಫೋನ್. ಬೆಂಗಳೂರಿನಲ್ಲಿರುವ ಮಗನಿಗೆ ಮಾತ್ರ ದಿನಕ್ಕೆ ಎರಡು ಜಿಬಿಯೂ ಸಾಲದು. ಯಾವ ಫೋನ್ ತಿಂಗಳಿಗೆ ಎಷ್ಟು ಡೇಟಾ ಮುಗಿಸಿತೆಂದು ಅದರ ಸೆಟ್ಟಿಂಗ್ಸಿನಲ್ಲೇ ಸಿಗ್ತದೆ. ವೈಫೈಯದ್ದು ಬೇರೆ, ಸಿಮ್ಮಿನದ್ದು ಬೇರೆ ತೋರಿಸುತ್ತದೆ. ಸಿಮ್ಮಿನದ್ದನ್ನು ನೋಡಿ.

ಅಮ್ಮನಂಥವರಿಗೆ ಬೇಕಾದದ್ದು ಬರೀ ಮಾತಿನ ಪ್ಯಾಕ್. ಹೀಗೆ ಮಾತು ಮತ್ತು ಎಸ್ಸೆಮ್ಮೆಸ್ಸಿನದ್ದೇ ಪ್ಯಾಕ್ ಇಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. 2025ರ ಜನವರಿ ಕೊನೆಗೆ ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, 365 ದಿನಕ್ಕೆ 1,849 ರೂಪಾಯಿ ಇತ್ತು. ಜಿಯೋದಲ್ಲಿ 84 ದಿನಕ್ಕೆ 448, 336 ದಿನಕ್ಕೆ 1,748. ಈ 336 ಎಂದರೆ 28ರ 12 ಪಟ್ಟು, ವರ್ಷ ಅಲ್ಲ! ದರವನ್ನು ದಿನದಿಂದ ಭಾಗಿಸಿ ನೋಡಿದರೆ ಮೊದಲಿನ ವಾರ್ಷಿಕ ಪ್ಯಾಕಿಗೆ ದಿನಕ್ಕೆ 5 ರೂ. 7 ಪೈಸೆ, ಎರಡನೆಯದಕ್ಕೆ 5 ರೂ. 20 ಪೈಸೆ. ಕಡಿಮೆ ಕಂಡದ್ದೇ ತುಸು ತುಟ್ಟಿ. ನೀವು ಹಾಕುವ ದಿನ ದರ ಬದಲಾಗಿರಬಹುದು, ಭಾಗಾಕಾರ ಮಾತ್ರ ಬಿಡಬೇಡಿ. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ "ಅಂಥದ್ದು ಇಲ್ಲ" ಎಂದರು. ಕಂಪೆನಿಯ ಆ್ಯಪಿನಲ್ಲಿ ಕೆಳಗೆ ಕೆಳಗೆ ಜಾರಿಸಿ ಹುಡುಕಿದಾಗ ಸಿಕ್ಕಿತು.

ಕೀಪ್ಯಾಡ್ ಫೋನಿನವರು ಇನ್ನೊಂದು ನೋಡಿಕೊಳ್ಳಬೇಕು. ಹಳೆಯ 2ಜಿ ಫೋನಿನಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ, ಅದಕ್ಕೆ 4ಜಿಯ ಫೋನೇ ಆಗಬೇಕು.

ನಮ್ಮ ಕಡೆ ಇದಕ್ಕಿಂತಲೂ ದೊಡ್ಡ ಪ್ರಶ್ನೆ ಸಿಗ್ನಲ್. ಗುಡ್ಡದ ಬುಡದ ಮನೆಗಳಲ್ಲಿ ಅಂಗಳದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗುವುದು. ಪ್ಯಾಕ್ ಎಷ್ಟು ಅಗ್ಗವಾದರೇನು, ಏಣಿಯಿಂದ ಜಾರಿದವನ ಸುದ್ದಿ ತೋಟದಿಂದ ಮನೆಗೆ ಮುಟ್ಟದಿದ್ದರೆ? ಹಾಗಾಗಿ ವರ್ಷದ ಪ್ಯಾಕ್ ಹಾಕುವ ಮೊದಲು ನೆಂಟರದ್ದೋ ಕೆಲಸದವರದ್ದೋ ಬೇರೆ ಕಂಪೆನಿಯ ಫೋನ್ ಹಿಡಿದುಕೊಂಡು ಮನೆಯೊಳಗೆ, ಪಂಪ್‌ಶೆಡ್ಡಿನಲ್ಲಿ, ತೋಟದ ತಗ್ಗಿನಲ್ಲಿ ನಿಂತು ಮಾತಾಡಿ ನೋಡಿ. ವರ್ಷದ್ದು ಹಾಕಿ ಆಮೇಲೆ ಕಂಪೆನಿ ಬದಲಾಯಿಸಿದರೆ ಉಳಿದ ದಿನಗಳ ದುಡ್ಡು ಹೋಯಿತು. ಮನೆಯಲ್ಲಿ ವೈಫೈ ಇರುವವರು ಫೋನಿನ ಸೆಟ್ಟಿಂಗ್ಸಿನಲ್ಲಿ 'ವೈಫೈ ಕಾಲಿಂಗ್' ಹಾಕಿಕೊಳ್ಳಬಹುದು. ಟವರ್ ಸಿಗದಿದ್ದರೂ ಕರೆ ಬರುತ್ತದೆ, ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ಬೇರೆ ಶುಲ್ಕ ಇಲ್ಲ. ಕೆಲವು ಫೋನುಗಳಲ್ಲಿ ಆ ಸೌಲಭ್ಯ ಇರುವುದಿಲ್ಲ, ನೋಡಿಕೊಳ್ಳಿ. ರೂಟರಿಗೆ ಇನ್ವರ್ಟರಿನ ಲೈನ್ ಕೊಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಕರೆಂಟಿನೊಟ್ಟಿಗೆ ಫೋನೂ ಹೋಗ್ತದೆ.

ಹೆಂಡತಿಯ ಫೋನಿಗೂ ಈಗ ಮಾತಿನ ಪ್ಯಾಕೇ ಸಾಕಾಗಿದೆ. ವಾಟ್ಸಪ್ಪಿಗೆ ವೈಫೈ ಉಂಟಲ್ಲ. ಪೇಟೆಗೆ ಹೋದ ದಿನ ನೆಟ್ ಇಲ್ಲ, ಅದು ಗೊತ್ತಿದ್ದೇ ಹಾಕಿದ್ದು. ದಾರಿಯಲ್ಲಿ ಯುಪಿಐ ಪಾವತಿ ಮಾಡುವವರಿಗೆ ಇದು ಹೇಳಿಸಿದ್ದಲ್ಲ.

ಉಳಿತಾಯದ ಭರದಲ್ಲಿ "ಅಮ್ಮನದ್ದು ಖಾಲಿಯೇ ಇರಲಿ" ಎಂದು ಬಿಡುವವರೂ ಇದ್ದಾರೆ. ಪ್ಯಾಕ್ ಮುಗಿದ ಸಿಮ್ಮನ್ನು 90 ದಿನ ಯಾವುದಕ್ಕೂ ಬಳಸದೆ, ಟಾಕ್‌ಟೈಮಿನಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಕಂಪೆನಿ ಅದನ್ನು ಮುಚ್ಚಬಹುದು. ಮುಚ್ಚಿದ ನಂಬರ್ ಕೆಲವು ತಿಂಗಳ ನಂತರ ಬೇರೆಯವರಿಗೆ ಹೋಗುತ್ತದೆ. ಪಿಂಚಣಿ ಬರುವ ಬ್ಯಾಂಕ್ ಖಾತೆ, ಆಧಾರ್, ಪಿಎಂ ಕಿಸಾನ್ ಎಲ್ಲ ಅದೇ ನಂಬರಿಗೆ ಅಂಟಿಕೊಂಡಿವೆ. ಓಟಿಪಿ ಹೋಗುವುದು ಆ ಬೇರೆಯವರಿಗೆ.

ಸಿಗ್ನಲ್ ನೋಡಿ ಕಂಪೆನಿ ಬದಲಾಯಿಸುವುದಾದರೆ ನಂಬರ್ ಬಿಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ 'ಪೋರ್ಟ್' ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಮಾಡಿ. ಈಗಿನ ಕಂಪೆನಿಯಲ್ಲಿ 90 ದಿನ ಆಗಿರಬೇಕು. ಬರುವ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಅಷ್ಟರೊಳಗೆ ಆಧಾರ್ ಹಿಡಿದುಕೊಂಡು ಹೊಸ ಕಂಪೆನಿಯ ಅಂಗಡಿಗೆ ಹೋಗಿ.