ಸರ್ವೋ ಮೋಟಾರಿಗೆ ತಕ್ಕ ನಿಯಂತ್ರಣ ಫಲಕ ಯಾವುದು?

ನಾಗಪುರದ ಕನ್ನಡಿಗರಿಗೆ ತಂತ್ರವಿದ್ಯೆಯೊಡನೆ ಹೆಸರಿನ ನಂಟೂ ಉಂಟು. 1960ರಲ್ಲಿ ಸ್ಥಾಪನೆಯಾದ ಇಲ್ಲಿನ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ನಮ್ಮ ಸರ್ ಎಂ.ವಿ. ಅವರ ಹೆಸರನ್ನೇ ಹೊತ್ತಿದೆ. ಹವ್ಯಾಸಕ್ಕಾಗಿ ರೋಬೋ ಕಟ್ಟುವುದು ಈಗ ಕಾಲೇಜಿಗಷ್ಟೇ ಸೀಮಿತವಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು ಆರನೆಯ ತರಗತಿಯಿಂದಲೇ ಮಕ್ಕಳಿಗೆ ಈ ವಿದ್ಯೆಯ ಬಾಗಿಲು ತೆರೆದಿದೆ. ಮಕ್ಕಳು ‘ಇಂಥದೇ ಬೋರ್ಡ್ ಬೇಕು’ ಎಂದಾಗ ತೀರ್ಮಾನಿಸಬೇಕಾದ ಹೆತ್ತವರಿಗಾಗಿ ಈ ಬರಹ. ಆಯ್ಕೆ ತಪ್ಪಿದರೆ ಹಣದೊಡನೆ ಮಕ್ಕಳ ಉತ್ಸಾಹವೂ ನಷ್ಟವಾಗುತ್ತದೆ.

ಸರ್ವೋ ಎಂದರೆ ಹೇಳಿದ ಕೋನಕ್ಕೆ ತಿರುಗಿ ಅಲ್ಲಿಯೇ ನಿಲ್ಲುವ ಮೋಟಾರು. ಅದಕ್ಕೆ ಮೂರು ತಂತಿಗಳು: ಎರಡು ವಿದ್ಯುತ್ತಿಗೆ, ಒಂದು ಸಂಕೇತಕ್ಕೆ. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಸ್ಪಂದವನ್ನು ಕಳುಹಿಸಲಾಗುತ್ತದೆ. ಸ್ಪಂದದ ಅವಧಿ 1.5 ಮಿಲಿಸೆಕೆಂಡ್ ಇದ್ದರೆ ಮೋಟಾರು ನಡುವಿನಲ್ಲಿ ನಿಲ್ಲುತ್ತದೆ. 1ರತ್ತ ಇಳಿದರೆ ಒಂದು ಬದಿಗೂ 2ರತ್ತ ಏರಿದರೆ ಇನ್ನೊಂದು ಬದಿಗೂ ತಿರುಗುತ್ತದೆ. ಈ ಅವಧಿ ಏರುಪೇರಾದರೆ ರೋಬೋವಿನ ಕೈ ನಡುಗುತ್ತದೆ. ಕಾಲವನ್ನು ತಪ್ಪದೆ ಪಾಲಿಸುವುದೇ ನಿಯಂತ್ರಣ ಫಲಕದ ಮುಖ್ಯ ಕೆಲಸ.

ಆದ್ದರಿಂದ ಮೊದಲ ಪ್ರಶ್ನೆ: ಸರ್ವೋಗಳು ಎಷ್ಟು? ನಾಲ್ಕಾರು ಕೀಲುಗಳ ಕೈಗೆ ಆರ್ಡುಯಿನೋ ಊನೋ ಸಾಕು. ಅದರ ಸರ್ವೋ ಲೈಬ್ರರಿ 12 ಮೋಟಾರುಗಳನ್ನು ನಿಭಾಯಿಸಬಲ್ಲದು. ಆರು ಕಾಲಿನ ರೋಬೋಗೆ, ಕಾಲಿಗೆ ಮೂರು ಕೀಲಿನಂತೆ, 18 ಬೇಕು. ಅಲ್ಲಿ ಪಿಸಿಎ9685 ಚಿಪ್ಪಿನ ಫಲಕ ಒದಗುತ್ತದೆ. ಒಂದೊಂದರಲ್ಲಿ 16 ಮಾರ್ಗಗಳಿದ್ದು, ಎರಡೇ ಸಂಕೇತ ತಂತಿಗಳ ಮೇಲೆ ಇಂಥ ಹಲವು ಫಲಕಗಳನ್ನು ಜೋಡಿಸಬಹುದು. ಕ್ಯಾಮೆರಾ ಬಳಸುವವರು ರಾಸ್ಪ್‌ಬೆರಿ ಪೈ ಕೊಳ್ಳುವುದುಂಟು. ಅದು ಏಕಕಾಲಕ್ಕೆ ಹಲವು ಕೆಲಸ ಮಾಡುವುದರಿಂದ ಸ್ಪಂದದ ಕಾಲ ತಪ್ಪಬಹುದು. ಅದರೊಡನೆಯೂ ಈ ಫಲಕವನ್ನೇ ಸೇರಿಸುವುದು ಲೇಸು. ಚಲನೆಯ ವೇಗವನ್ನೂ ವೇಗವರ್ಧನೆಯನ್ನೂ ತಾನೇ ಹದಗೊಳಿಸುವ ಫಲಕ ಬೇಕೆಂದರೆ 6ರಿಂದ 24 ಮಾರ್ಗಗಳ ಪೊಲೊಲು ಮೆಸ್ಟ್ರೋ ಇದೆ.

ಎರಡನೆಯ ಪ್ರಶ್ನೆ ವಿದ್ಯುತ್ತಿನದು. ಸೋಲಿನ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ. ಎಂಜಿ996ಆರ್ ಸರ್ವೋ ಭಾರಕ್ಕೆ ಸಿಕ್ಕಿ ತಿರುಗಲಾರದೆ ನಿಂತಾಗ, 6 ವೋಲ್ಟಿನಲ್ಲಿ ಸುಮಾರು 2.5 ಆಂಪಿಯರ್ ಎಳೆಯುತ್ತದೆ. ಆರು ಸರ್ವೋ ಒಟ್ಟಿಗೆ ನಿಂತರೆ 15 ಆಂಪಿಯರ್! ಗಣಕದ ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು ಕೇವಲ ಅರ್ಧ ಆಂಪಿಯರ್. ಬೇಡಿಕೆ ಏರಿದೊಡನೆ ವೋಲ್ಟೇಜ್ ಕುಸಿದು ಫಲಕ ಮತ್ತೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆಗ ಮಗು ತನ್ನ ಪ್ರೋಗ್ರಾಮಿನಲ್ಲಿ ಇಲ್ಲದ ದೋಷವನ್ನು ಹುಡುಕುತ್ತ ಕೂರುತ್ತದೆ. ಸರ್ವೋಗಳಿಗೆ ಪ್ರತ್ಯೇಕ ವಿದ್ಯುತ್ ಮೂಲ ಕೊಟ್ಟು, ಅದರ ಗ್ರೌಂಡನ್ನು ಫಲಕದ ಗ್ರೌಂಡಿಗೆ ಕೂಡಿಸಬೇಕು. ಇದನ್ನು ಮರೆತರೆ ಸಂಕೇತಕ್ಕೆ ಆಧಾರವೇ ಇರುವುದಿಲ್ಲ.

ಅಂಗಡಿಗೆ ಹೋಗುವ ಮುನ್ನ ಸರ್ವೋಗಳ ಸಂಖ್ಯೆಯನ್ನೂ ಅವು ಬೇಡುವ ಗರಿಷ್ಠ ಆಂಪಿಯರನ್ನೂ ಮಕ್ಕಳಿಂದಲೇ ಕಾಗದದ ಮೇಲೆ ಬರೆಯಿಸೋಣ. ಆ ಎರಡು ಅಂಕಿಗಳು ಗೊತ್ತಾದರೆ ಫಲಕದ ಆಯ್ಕೆ ಕಷ್ಟವಲ್ಲ. ದುಬಾರಿ ಫಲಕವೇ ಬೇಕೆಂಬ ಹಟವೂ ತಾನಾಗಿ ಸಡಿಲವಾದೀತು.